ನೀರನ್ನು ಕೂಡಿಡುವ ನೆರಳಗಿಡ

ಹಿತ್ತಲ ಬೇವಿನ ಮರದಡಿಯ ನೆರಳು ಬೇಸಗೆಯಲ್ಲಿ ಮನುಷ್ಯರಿಗೂ ದನಕರುಗಳಿಗೂ ಹಿತವಾದುದು. ಆದರೆ ಹೂಗಿಡಗಳಿಗೆ ಅದು ಒಗ್ಗದು. ನೆರಳಿನಲ್ಲಿ ಸೊಗಸಾಗಿ ಬೆಳೆಯುವ ಜರೀಗಿಡ, ಬಣ್ಣದ ಕೆಸು ಮುಂತಾದವುಗಳಿಗಾದರೋ ತೇವವಾದ ಗಾಳಿಯೂ ಧಾರಾಳವಾದ ನೀರೂ ಬೇಕು. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಂತಹ ಬಯಲುಸೀಮೆಯ ಊರಿನಲ್ಲಿ ಬೇಸಗೆಯ ದಿನಗಳಲ್ಲಿ ಇವೆರಡೂ ದುರ್ಲಭ. ಹಾಗಾದರೆ ನೆರಳನ್ನೂ ಒಣಹವೆಯನ್ನೂ ಒಟ್ಟಿಗೆ ತಾಳಬಲ್ಲ ಅಲಂಕಾರದ ಗಿಡವುಂಟೇ? ಉಂಟು. ನರ್ಸರಿಗಳಲ್ಲಿ ‘ಝಡ್ ಝಡ್’ ಎಂದು ಮಾರುವ ಜಾಮಿಯೊಕಲ್ಕಸ್ ಅಂತಹುದೊಂದು.

ಇದರ ತವರು ಪೂರ್ವ ಆಫ್ರಿಕ. ಇದು ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದುದು. 1829ರಲ್ಲಿ ಮೊದಲು ಹೆಸರಿಟ್ಟವರು ಇದನ್ನು ಬಣ್ಣದ ಕೆಸುವಿನ ಜಾತಿಯಲ್ಲಿಯೇ ಎಣಿಸಿದ್ದರು. 1996ರ ಸುಮಾರಿಗೆ ಡಚ್ ತೋಟಗಾರರು ವ್ಯಾಪಾರಕ್ಕಾಗಿ ಬೆಳೆಸತೊಡಗಿದ ಮೇಲೆ ಇದು ಲೋಕದಲ್ಲೆಲ್ಲ ಹರಡಿತು.

ಇದರಲ್ಲಿ ನಾವು ಕಾಂಡವೆಂದು ಭಾವಿಸುವುದು ಕಾಂಡವಲ್ಲ, ಎಲೆಯ ದಂಟು. ಅದರ ಎರಡು ಬದಿಗೂ ಮಿರುಗುವ ಹಸುರೆಲೆಗಳು ಒಂದೇ ಎಲೆಯ ಕಿರುಪತ್ರಗಳು. ನಿಜವಾದ ಕಾಂಡವು ಆಲೂಗಡ್ಡೆಯಂತೆ ದಪ್ಪನಾಗಿ ಮಣ್ಣಿನೊಳಗೆ ಅಡಗಿದೆ. ಹಿಂದೆ ನಮ್ಮ ರೈತರು ಬರಗಾಲಕ್ಕೆಂದು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದಂತೆ, ಈ ಗಿಡವು ಗೆಡ್ಡೆಯಲ್ಲಿಯೂ ದಂಟಿನಲ್ಲಿಯೂ ನೀರನ್ನು ಕೂಡಿಡುತ್ತದೆ. ದಂಟಿನ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಹೀರುವಾಗ ನೀರನ್ನು ಕಳೆದುಕೊಳ್ಳುತ್ತವೆ. ಈ ಗಿಡವಾದರೋ, ನೀರಿನ ಅಭಾವವಾದಾಗ ಆ ವಾಯುವಿನ ಒಂದಂಶವನ್ನು ತಂಪಾದ ರಾತ್ರಿಯಲ್ಲಿ ಹೀರಿ, ಆಮ್ಲರೂಪದಲ್ಲಿಟ್ಟುಕೊಂಡು, ಹಗಲಿನಲ್ಲಿ ಬಳಸಿಕೊಳ್ಳುತ್ತದೆ.

ಆದುದರಿಂದ ಇದಕ್ಕೆ ಶತ್ರು ಬರವಲ್ಲ, ನಿಂತ ನೀರು. ನಮ್ಮ ಸೀಮೆಯ ಎರೆಮಣ್ಣು ನೆನೆದರೆ ಉಬ್ಬಿ ಬಿಗಿಯುತ್ತದೆ; ನೀರು ಬಸಿಯದೆ, ಬೇರಿಗೆ ಗಾಳಿ ದೊರೆಯದೆ ಗೆಡ್ಡೆ ಕೊಳೆಯುತ್ತದೆ. ಬಾಡಿತೆಂದು ಮರುಗಿ ಮತ್ತಷ್ಟು ನೀರೆರೆದರೆ ಗಿಡದ ಕಥೆ ಮುಗಿದಂತೆಯೇ. ತಳದಲ್ಲಿ ತೂತುಳ್ಳ ಕುಂಡಕ್ಕೆ ಇಟ್ಟಿಗೆಯ ಚೂರು ಹಾಸಿ, ಗರಸು, ದಪ್ಪ ಮರಳು, ಕಳಿತ ಎಲೆಗೊಬ್ಬರಗಳ ಮಿಶ್ರಣವನ್ನು ತುಂಬಿ ನೆಡಬೇಕು. ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ನೀರು ಹಾಕಬೇಕು. ಮಳೆಗಾಲದಲ್ಲಿ ಕುಂಡವನ್ನು ಜಡಿಮಳೆಗೆ ಸಿಗದಂತೆ ಪಡಸಾಲೆಗೆ ಸರಿಸುವುದು ಕ್ಷೇಮ. ಬಿರುಬಿಸಿಲು ತಾಗಿದರೆ ಎಲೆ ಸುಡುತ್ತದೆ, ಕಗ್ಗತ್ತಲೆಯೂ ಸಲ್ಲದು.

ಒಂದೇ ಕಿರುಪತ್ರವನ್ನು ತುಸು ತೇವವುಳ್ಳ ಮರಳಿನಲ್ಲಿ ಊರಿದರೂ ಹೊಸ ಗಿಡ ಹುಟ್ಟುತ್ತದೆ. ಆದರೆ ಮೊದಲು ಬುಡದಲ್ಲಿ ಪುಟ್ಟ ಗೆಡ್ಡೆ ಕಟ್ಟಬೇಕು. ಚಿಗುರು ಮೇಲೇಳಲು ಹಲವು ತಿಂಗಳು ಹಿಡಿಯುತ್ತವೆ. ಅಷ್ಟರಲ್ಲಿ ಬೇಸತ್ತು ಕಿತ್ತು ನೋಡಬಾರದು. ಕೆಸುವಿನಲ್ಲಿರುವಂತೆ ಇದರಲ್ಲಿಯೂ ಬಾಯಿ ತುರಿಸುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಮಕ್ಕಳಿಗೂ ಕರುಗಳಿಗೂ ಎಟುಕದಂತೆ ಇಡತಕ್ಕದ್ದು.

ಕೊಡನೀರಿಗೂ ಲೆಕ್ಕವಿಡಬೇಕಾದ ಮನೆಯಲ್ಲಿ ಹಸುರು ಕಾಣಬೇಕೆಂಬ ಆಸೆ ದುಂದಿನದೆಂದು ಇನ್ನು ಹೇಳುವಂತಿಲ್ಲ. ಸೀಮೆಗೆ ತಕ್ಕ ಗಿಡವನ್ನು ಆರಿಸಿಕೊಂಡರೆ ಸಾಕು.