ಮೂಳೆ ಕೂಡಿತು, ಕೈ ಏಕೆ ಬಗ್ಗದು?

ಬಚ್ಚಲಿನಲ್ಲಿ ಕಾಲು ಜಾರಿದಾಗ ನಾವು ಮೊದಲು ಮಾಡುವುದು ಅಂಗೈಯನ್ನು ನೆಲಕ್ಕೆ ಊರುವುದು. ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು, ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್ ಮೂಳೆ ತುದಿಯಲ್ಲಿ ಮುರಿಯುತ್ತದೆ. ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ 'ಕಾಲಿಸ್ ಮುರಿತ' ಎಂದು ಹೆಸರು. ಮೂಳೆಯನ್ನು ಸರಿಯಾಗಿ ಕೂರಿಸಿ 5-6 ವಾರ ಪ್ಲಾಸ್ಟರ್ ಹಾಕಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಹಲವರಿಗೆ ತೊಂದರೆ ಶುರುವಾಗುವುದೇ ಆಮೇಲೆ.

ಪ್ಲಾಸ್ಟರ್ ಬಿಚ್ಚಿಸಿ ಎರಡು ತಿಂಗಳಾದ ಮೇಲೆ ಗೃಹಿಣಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಎಕ್ಸ್-ರೇಯಲ್ಲಿ ಮೂಳೆ ಚೆನ್ನಾಗಿಯೇ ಕೂಡಿತ್ತು. ಆದರೆ ಅಂಗೈ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅನ್ನ ಕಲಸಿ ತುತ್ತು ಬಾಯಿಗಿಡಲು ಆಗದೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಅದಕ್ಕೆ ನಾಚಿ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಲ್ಲಾಡಿಸಿದರೆ ಮತ್ತೆ ಮುರಿದೀತೆಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕಾಪಾಡಿದ್ದರಂತೆ. ತಪ್ಪು ಅವರದಲ್ಲ. ಬಿಡಿಸಿ ಹೇಳಲು ನಮ್ಮ ವೈದ್ಯರಿಗೆ ಎಷ್ಟೋ ಸಲ ಎರಡು ನಿಮಿಷ ಪುರುಸೊತ್ತಿರುವುದಿಲ್ಲ.

ಆಡಿಸದ ಕೀಲಿನ ಸುತ್ತ ಬಾವು ನಿಂತು ಗಟ್ಟಿಯಾಗುತ್ತದೆ. ಕೀಲಿನ ಪೊರೆ ಕುಗ್ಗುತ್ತದೆ, ಬೆರಳುಗಳನ್ನು ಎಳೆಯುವ ಸ್ನಾಯುರಜ್ಜುಗಳು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತವೆ. ಆದ್ದರಿಂದ ಕೈಯ ವ್ಯಾಯಾಮ ಪ್ಲಾಸ್ಟರ್ ಹಾಕಿದ ದಿನದಿಂದಲೇ ಆರಂಭವಾಗಬೇಕು. ಬಿದ್ದ ಕೂಡಲೇ ಉಂಗುರ, ಬಳೆ ತೆಗೆಯಿರಿ. ಬಾವು ಬಂದ ಮೇಲೆ ಕತ್ತರಿಸಬೇಕಾದೀತು. ಮೊದಲ ಕೆಲವು ದಿನ ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಿ. ಎಚ್ಚರವಿರುವಾಗ ಗಂಟೆಗೊಮ್ಮೆ 10 ಸಲ ಬೆರಳುಗಳನ್ನು ಪೂರ್ತಿ ಮಡಚಿ ಪೂರ್ತಿ ಚಾಚಿ. ಮೊಣಕೈ, ಭುಜಗಳನ್ನೂ ಆಡಿಸಿ. ಕೈಯನ್ನು ಸದಾ ಜೋಲಿಯಲ್ಲೇ ಇಟ್ಟು ಭುಜ ಹಿಡಿದುಕೊಂಡವರಿದ್ದಾರೆ. ಬೆರಳು ನೀಲಿಯಾದರೆ, ಮರಗಟ್ಟಿದರೆ ಅಥವಾ ನೋವು ಏರುತ್ತಲೇ ಹೋದರೆ ಬೆಳಗಾಗಲೆಂದು ಕಾಯಬೇಡಿ. ಪ್ಲಾಸ್ಟರ್ ಬಿಗಿಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಬಿಚ್ಚಿ, ವೈದ್ಯರು ಒಪ್ಪಿದ ಮೇಲೆ ಮಣಿಕಟ್ಟಿನ ಸರದಿ. ಕೈಯನ್ನು 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಆಮೇಲೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಅಂಚಿನಾಚೆ ಇರುವಂತೆ ನೋಡಿಕೊಂಡು ಮೇಲಕ್ಕೂ ಕೆಳಕ್ಕೂ ಬಗ್ಗಿಸಿ. ಮುಂದಿನದು ಬಹಳ ಮುಖ್ಯ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಂಗೈಯನ್ನು ತೀರ್ಥ ಪಡೆಯುವಾಗಿನಂತೆ ಮೇಲಕ್ಕೆ, ಮತ್ತೆ ಕೆಳಕ್ಕೆ ತಿರುಗಿಸಿ. ಮೊಣಕೈ ಪಕ್ಕೆ ಬಿಟ್ಟರೆ ಭುಜವೇ ತಿರುಗಿ ನಿಮ್ಮನ್ನು ಮೋಸಗೊಳಿಸುತ್ತದೆ. ಒಂದೊಂದನ್ನೂ 10 ಸಲ, ದಿನಕ್ಕೆ ನಾಲ್ಕೈದು ಬಾರಿ ಮಾಡಿ. ಸ್ವಲ್ಪ ಎಳೆತ ಸಹಜ. ಮುಗಿಸಿದ ಮೇಲೂ ಗಂಟೆಗಟ್ಟಲೆ ನೋವು, ಬಾವು ಇದ್ದರೆ ಅತಿಯಾಯಿತೆಂದೇ ಅರ್ಥ. ಎಣ್ಣೆ ಹಚ್ಚಿಸಿ ಬೇರೆಯವರಿಂದ ಬಲವಾಗಿ ಎಳೆಸಬೇಡಿ.

ರಬ್ಬರ್ ಚೆಂಡು ಅದುಮುವುದೇ ವ್ಯಾಯಾಮ ಎಂಬ ನಂಬಿಕೆ ಎಲ್ಲೆಡೆ ಇದೆ. ಚೆಂಡು ಅಡ್ಡವಿದ್ದರೆ ಮುಷ್ಟಿ ಪೂರ್ತಿ ಮುಚ್ಚುವುದಾದರೂ ಹೇಗೆ? ಮೊದಲು ಚಲನೆ, ಬಲ ಆಮೇಲೆ. ಮೂಳೆ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ಒದ್ದೆ ಬಟ್ಟೆ ಹಿಂಡುವುದು, ಚಪಾತಿ ಹಿಟ್ಟು ನಾದುವುದು ಯಾವ ಸಲಕರಣೆಗೂ ಕಡಿಮೆಯಿಲ್ಲ. ತುಂಬಿದ ಬಿಂದಿಗೆ ಎತ್ತುವ ಮೊದಲು ವೈದ್ಯರನ್ನು ಕೇಳಿ. ಪ್ಲೇಟು ಹಾಕಿಸಿಕೊಂಡವರಿಗೆ, ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿದವರಿಗೆ ಈ ಕಾಲಕ್ರಮ ಬೇರೆ.

ಉರಿನೋವು ಹೆಚ್ಚುತ್ತ ಚರ್ಮ ಕೆಂಪಾಗಿ ಹೊಳೆಯತೊಡಗಿದರೆ ತಡಮಾಡದೆ ತೋರಿಸಿ. ವಾರಗಳ ನಂತರ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೂ ಅಷ್ಟೆ. ಅದರ ಸ್ನಾಯುರಜ್ಜು ಕಡಿದಿರಬಹುದು.

ಆ ಗೃಹಿಣಿ ಫಿಸಿಯೋಥೆರಪಿಗೆ ಹೋಗಿ ಮೂರು ತಿಂಗಳು ಶ್ರಮಪಟ್ಟರು. ಅಂಗೈ ಈಗಲೂ ಪೂರ್ತಿ ತಿರುಗುವುದಿಲ್ಲ, ಆದರೆ ಬಲಗೈಯಲ್ಲೇ ಉಣ್ಣುತ್ತಾರೆ. ಅವರ ಮೂಳೆ ಸಾಂದ್ರತೆಯನ್ನೂ ಪರೀಕ್ಷೆ ಮಾಡಿಸಿದೆವು. 50 ದಾಟಿದ ಹೆಂಗಸರು ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದರೆ ಮೂಳೆ ಸವೆದಿರುವ ಸಾಧ್ಯತೆ ಹೆಚ್ಚು. ಮುಂದಿನ ಸಲ ಮುರಿಯುವುದು ಸೊಂಟದ ಕೀಲಿನ ಮೂಳೆ ಆಗಬಹುದು. ಬಚ್ಚಲಿನ ಪಾಚಿಯನ್ನೂ ಅಂದೇ ತಿಕ್ಕಿಸಿ ತೊಳೆಸಲು ಅವರ ಮಗನಿಗೆ ಹೇಳಿದ್ದೆ.