ಕುಳ್ಳನ ಅಳತೆಗೆ ಒಂದು ಬೈಕು

ಹೋದ ವರ್ಷ ಅಕ್ಟೋಬರ್‌ನಲ್ಲಿ ಬೈಕಿಂದ ಬಿದ್ದೆ. ಓಡ್ತಾ ಇದ್ದ ಬೈಕಿಂದ ಬಿದ್ದಿದ್ರೆ ಹೇಳಿಕೊಳ್ಳೋಕೆ ಸ್ವಲ್ಪ ಗತ್ತಾದ್ರೂ ಇರ್ತಿತ್ತು. ನಾನು ಬಿದ್ದಿದ್ದು ನಿಂತ ಬೈಕಿಂದ!

ಆಗಿದ್ದು ಇಷ್ಟೇ. ಕೆಮ್ನಿಟ್ಸ್ ಹತ್ತಿರ ಒಂದು ಕ್ಲಬ್ಬಿನವರ ಮೈದಾನ ಇದೆ, ಹಳೇ ಕಲ್ಲುಗಣಿ. ಸಹೋದ್ಯೋಗಿಯೊಬ್ಬ ತನ್ನ ಎಂಡ್ಯೂರೋ ಬೈಕ್ ಕೊಟ್ಟು "ಒಂದು ರೌಂಡ್ ಹೊಡಿ" ಅಂದ. ಸೀಟಿನ ಎತ್ತರ 96 ಸೆಂಟಿಮೀಟರ್. ನನ್ನ ಕಾಲಿನ ಒಳಅಳತೆ, ಅಂದ್ರೆ ಗೋಡೆಗೆ ಬೆನ್ನು ಕೊಟ್ಟು ನಿಂತು ತೊಡೆಸಂದಿಂದ ನೆಲಕ್ಕೆ ಅಳೆದರೆ, 74. ಗಾಡಿ ಓಡ್ತಾ ಇರೋವರೆಗೂ ಈ 22 ಸೆಂಟಿಮೀಟರ್ ವ್ಯತ್ಯಾಸದಿಂದ ಏನೂ ತೊಂದರೆ ಇಲ್ಲ. ಏರಿನ ನಡುವೆ ಎಂಜಿನ್ ಆಫ್ ಆಯ್ತು. ಎಡಗಾಲು ಕೆಳಗೆ ಬಿಟ್ಟೆ. ನೆಲ ಇರಲಿಲ್ಲ. ಇತ್ತು, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಕೆಳಗೆ ಇತ್ತು. ನೂರು ಕೆಜಿಗೂ ಜಾಸ್ತಿ ತೂಕದ ಗಾಡಿ ನನ್ನನ್ನೂ ಎಳಕೊಂಡು ಮಲಗಿತು. ಎಡ ಮಣಿಕಟ್ಟಿನ ಮೂಳೆ ಮುರಿಯಿತು, ಆರು ವಾರ ಪಟ್ಟಿ. ಆ ಆರು ವಾರ ಆಫೀಸಿನಲ್ಲಿ ಒಂದೇ ಕೈಯಲ್ಲಿ ಕೋಡ್ ಬರೆದೆ. ಆವರಣ ಚಿಹ್ನೆಗಳಿಗೆ ಎರಡು ಕೈ ಎಷ್ಟು ಮುಖ್ಯ ಅಂತ ಆಗ ಗೊತ್ತಾಯ್ತು :)

ಮೈಸೂರಿಂದ ಅಮ್ಮನ ಫೋನು. "ನೋಡು ಮಗ, ಆ ಗಾಡಿ ಮಾರಿಬಿಡು."

"ಅಮ್ಮಾ, ಅದು ನಂದಲ್ಲ."

"ನಿಂದಲ್ಲದ ಗಾಡಿ ಯಾಕೋ ಹತ್ತಕ್ಕೆ ಹೋದೆ?"

ಇದಕ್ಕೆ ಉತ್ತರ ಇರಲಿಲ್ಲ. ಕೊನೆಗೆ ಒಂದು ಮಾತು ಕೊಟ್ಟೆ. ಇನ್ನು ಮುಂದೆ ಕಾಲು ನೆಲಕ್ಕೆ ಮುಟ್ಟದ ಗಾಡಿ ಹತ್ತಲ್ಲ ಅಂತ. ಮಾತು ಕೊಡೋವಾಗ ಸುಲಭ ಅನ್ನಿಸಿತ್ತು. ಜರ್ಮನಿಯಲ್ಲಿ ಐದಡಿ ಮೂರಿಂಚಿನ ಗಂಡಸಿಗೆ ಅದು ಎಷ್ಟು ಕಷ್ಟ ಅಂತ ಆಮೇಲೆ ತಿಳಿಯಿತು. ಇಲ್ಲಿ ಬಸ್ಸಿನ ಹಿಡಿಕೆ, ಅಡುಗೆಮನೆಯ ಮೇಲಿನ ಕಪಾಟು, ಎಲ್ಲಾ ಬೇರೆ ಯಾರಿಗೋ ಮಾಡಿದ್ದು. ಊರಿನ ಮಧ್ಯೆ ಇರೋ ಕಾರ್ಲ್ ಮಾರ್ಕ್ಸ್ ಪ್ರತಿಮೆಯಲ್ಲಿ ತಲೆ ಮಾತ್ರ ಇದೆ, ಅದೇ ಏಳು ಮೀಟರ್ ಎತ್ತರ! ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನನಗೆ ದ್ವಾರಕೀಶ್ ಅಂತಲೇ ಹೆಸರಿತ್ತು. ಅಲ್ಲಿ ಅದು ಪ್ರೀತಿ. ಇಲ್ಲಿ ಯಾರೂ ಏನೂ ಅನ್ನಲ್ಲ. ಬೈಕ್ ಅಂಗಡಿಯವನು ಸುಮ್ಮನೆ ನನ್ನ ಕಾಲು ನೋಡಿ ಸ್ಕೂಟರ್ ಇರೋ ಕಡೆ ಕೈ ತೋರಿಸ್ತಾನೆ.

ಅಂದ ಹಾಗೆ, ಬೈಕಿನ ಹುಚ್ಚು ಹತ್ತಿದ್ದು ಇಲ್ಲಲ್ಲ. ಅಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಲ್ಲೇ ಮಾಡಿದ್ದು. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು, 1996ರಲ್ಲಿ ಮುಚ್ಚಿತು. ಅಪ್ಪನ ಗಾಡಿ ಅದಾದ ಮೇಲೂ ಎಷ್ಟೋ ವರ್ಷ ಓಡಿತು. ಇಲ್ಲಿಗೆ ಬಂದ ಮೇಲೆ ಗೊತ್ತಾದ ಒಂದು ಸಂಗತಿ ಕೇಳಿ. ಜಾವಾ ಅನ್ನೋದು ಎರಡು ಹೆಸರಿನ ಜೋಡಣೆ. ಜಾನೆಚೆಕ್ ಅನ್ನೋ ಚೆಕ್ ಉದ್ಯಮಿಯ 'ಜಾ', ವಾಂಡರರ್ ಅನ್ನೋ ಜರ್ಮನ್ ಕಂಪನಿಯ 'ವಾ'. 1929ರಲ್ಲಿ ವಾಂಡರರ್‌ನವರ ಬೈಕಿನ ವಿನ್ಯಾಸ, ಯಂತ್ರಗಳನ್ನು ಆತ ಕೊಂಡುಕೊಂಡ. ಆ ವಾಂಡರರ್ ಎಲ್ಲಿಯದು? ಇದೇ ಕೆಮ್ನಿಟ್ಸ್‌ನದು! ಅಪ್ಪನಿಗೆ ಹೇಳಿದೆ. "ಹಾಗಾದ್ರೆ ನೀನು ಸರಿಯಾದ ಊರಿಗೇ ಹೋಗಿದೀಯ ಬಿಡು" ಅಂದರು. ಅಮ್ಮ ಹಿಂದಿನಿಂದ ಏನೋ ಗೊಣಗಿದ್ದು ಕೇಳಿಸಿತು.

ಸರಿಯಾದ ಊರು ಹೌದು. ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ ಚೋಪೌ ಅನ್ನೋ ಸಣ್ಣ ಪಟ್ಟಣ ಇದೆ. ಡಿಕೆಡಬ್ಲ್ಯೂ ಬೈಕುಗಳ ಊರು. ಅವರ ಆರ್‌ಟಿ 125 ಅನ್ನೋ ಪುಟ್ಟ ಗಾಡಿಯನ್ನು ಯುದ್ಧದ ನಂತರ ಇಂಗ್ಲೆಂಡ್, ಅಮೆರಿಕ, ರಷ್ಯಾ ಎಲ್ಲರೂ ನಕಲು ಮಾಡಿದರು. 1955ರಲ್ಲಿ ಯಮಾಹಾದವರು ಮಾಡಿದ ಮೊಟ್ಟಮೊದಲ ಬೈಕು ಕೂಡ ಅದರ ನಕಲೇ. ಆಮೇಲೆ ಪೂರ್ವ ಜರ್ಮನಿಯ ಕಾಲದಲ್ಲಿ ಅದೇ ಊರಿನ ಕಾರ್ಖಾನೆ ಎಂಜ಼ೆಡ್ ಆಯ್ತು. ಆರು ದಿನ ಕಾಡುಮೇಡು ಸುತ್ತಿಸುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಪೂರ್ವ ಜರ್ಮನಿಯ ತಂಡ ಈ ಗಾಡಿಗಳಲ್ಲಿ 1963ರಿಂದ 1967ರವರೆಗೆ ಸತತ ಐದು ಸಲ, ಮತ್ತೆ 1969ರಲ್ಲಿ ಗೆದ್ದಿತು. 1964ರದ್ದು ಇಲ್ಲೇ ಎರ್‌ಫುರ್ಟ್‌ನಲ್ಲಿ ನಡೆದಾಗ ಹಾಲಿವುಡ್ಡಿನ ಸ್ಟೀವ್ ಮೆಕ್‌ಕ್ವೀನ್ ಅಮೆರಿಕದ ತಂಡದಲ್ಲಿ ಬಂದಿದ್ದ. ಔಗುಸ್ಟುಸ್‌ಬುರ್ಗ್ ಕೋಟೆಯೊಳಗಿನ ಬೈಕ್ ಮ್ಯೂಸಿಯಂಗೆ ಹೋದಾಗಲೆಲ್ಲ ನಾನು ಸೀಟಿನ ಎತ್ತರವನ್ನೇ ನೋಡ್ತಾ ನಿಲ್ತೀನಿ. ಹಳೇ ಗಾಡಿಗಳು ಎಷ್ಟು ತಗ್ಗು!

ಪಟ್ಟಿ ಬಿಚ್ಚಿದ ಮೇಲೆ ಮೊದಲು ನೋಡಿದ್ದು ಚೋಪೌನವರದೇ ಎಂಜ಼ೆಡ್ 125 ಎಸ್‌ಎಕ್ಸ್. ಸೆಕೆಂಡ್ ಹ್ಯಾಂಡ್, ಚೆಂದದ ಗಾಡಿ. ಹತ್ತಿ ಕೂತೆ, ಎರಡು ಬೆರಳಿನ ತುದಿ ಮಾತ್ರ ಮುಟ್ಟಿತು. ಅಮ್ಮನ ಮುಖ ನೆನಪಾಯ್ತು. ಇಳಿದೆ.

ಆಗ ತಲೆಗೆ ಬಂದಿದ್ದು ಎಲ್ಲರಿಗೂ ಬರೋ ಯೋಚನೆ. ದೊಡ್ಡ ಗಾಡಿ ತಗೊಂಡು ತಗ್ಗಿಸಿಬಿಡೋಣ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಎಂಜ಼ೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನನ್ನನ್ನು ಈಗಲೂ "ಯುಂಗರ್ ಮಾನ್" ಅಂತಾರೆ, ಅಂದ್ರೆ ಹುಡುಗಪ್ಪಾ ಅಂತ. ಗ್ಯಾರೇಜಿನ ಮುಂದೆ ಅವರಿಗೆ ನನ್ನ ಯೋಜನೆ ಹೇಳಿದೆ. ಪೂರ್ತಿ ಕೇಳಿ, "ಕೋಟು ದೊಡ್ಡದಾದ್ರೆ ತೋಳು ಕತ್ತರಿಸಬಹುದು, ಭುಜ ಏನು ಮಾಡ್ತೀಯ?" ಅಂದರು.

ಅವರು ಹೇಳಿದ್ದನ್ನ ನಾನು ಮನೆಗೆ ಬಂದು ಪೇಪರ್ ಮೇಲೆ ಗೀಚಿ ನೋಡಿದೆ, ಸರಿ ಇತ್ತು. ಹಿಂದಿನ ಶಾಕಬ್ಸಾರ್ಬರ್‌ನ ಲಿಂಕ್ ಬದಲಿಸಿ ಗಾಡಿ ತಗ್ಗಿಸಿದರೆ ಸನ್ನೆಯ ಅನುಪಾತ ಬದಲಾಗಿ ಹಿಂಭಾಗ ಮೆತ್ತಗಾಗುತ್ತೆ, ಗುಂಡಿಗೆ ಬಿದ್ದಾಗ ಪೂರ್ತಿ ಕುಸಿದು ಬಡಿಯುತ್ತೆ. ಹಿಂದೆ ಮಾತ್ರ ಇಳಿದರೆ ಮುಂದಿನ ಫೋರ್ಕ್ ಇನ್ನಷ್ಟು ಓರೆಯಾಗಿ, ಗಾಡಿ ತಿರುಗಲು ಸೋಮಾರಿಯಾಗುತ್ತೆ. ಅದನ್ನು ಸರಿಮಾಡೋಕೆ ಫೋರ್ಕನ್ನು ಕ್ಲಾಂಪಿನಲ್ಲಿ ಮೇಲೆ ಸರಿಸಬೇಕು. ಎಂಜಿನ್ ಅಡಿಯ ಜಾಗ ಕಮ್ಮಿಯಾಗಿ ಕಲ್ಲು ತಗುಲುತ್ತೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು ಆಚೆ ಕಡೆಗೆ ಬೀಳುತ್ತೆ. ಇಷ್ಟೆಲ್ಲ ಮಾಡಿದ ಮೇಲೂ ತೂಕ ಅಷ್ಟೇ!

"ಸಣ್ಣ ಗಾಡಿ ತಗೋ. ಅದನ್ನ ಗಟ್ಟಿ ಮಾಡು" ಅಂದರು ಅಜ್ಜ.

ನಿಜ ಹೇಳ್ತೀನಿ, ನನಗೆ ಅವಮಾನ ಆಯ್ತು. ಸಣ್ಣ ಗಾಡಿ ಅಂದ್ರೆ ಮಕ್ಕಳ ಗಾಡಿ. ಇಪ್ಪತ್ತೆಂಟು ವರ್ಷದವನು ಹದಿನಾರರ ಹುಡುಗರ ಬೈಕ್ ಹತ್ತೋದಾ? ಮೂರು ವಾರ ಆ ಮಾತನ್ನೇ ತೆಗೆಯಲಿಲ್ಲ. ಆಮೇಲೆ ಒಂದು ಶನಿವಾರ ಸುಮ್ಮನೆ ಹೋಗಿ ಕವಾಸಾಕಿ ಕೆಎಲ್‌ಎಕ್ಸ್ 125 ನೋಡಿ ಬಂದೆ. 2010ರ ಸುಮಾರಿಗೆ ಇಲ್ಲಿ ಮಾರುತ್ತಿದ್ದ ಗಾಡಿ, ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಸೀಟು 83 ಸೆಂ.ಮೀ., ತೂಕ 112 ಕೆಜಿ. ದೊಡ್ಡ ಎಂಡ್ಯೂರೋಗಳಲ್ಲಿ ಚಕ್ರ 21 ಮತ್ತು 18 ಇಂಚು ಇದ್ದರೆ ಇದರದ್ದು 19 ಮತ್ತು 16. ಕೂತೆ. ಸೊಂಟ ಸ್ವಲ್ಪ ಸರಿಸಿದರೆ ಒಂದು ಪಾದ ಪೂರ್ತಿ ನೆಲಕ್ಕೆ. ಅವಮಾನ ಅಲ್ಲೇ ಇಳಿದುಹೋಯ್ತು. ಕೊಂಡೆ.

ಮೊದಲ ವಾರದಲ್ಲೇ "ಗಟ್ಟಿ ಮಾಡು" ಅಂದಿದ್ದರ ಅರ್ಥ ಆಯ್ತು. ಗಾಡಿ ನನಗೆ ಎತ್ತರದಲ್ಲಿ ಸರಿ, ತೂಕದಲ್ಲಿ ಅಲ್ಲ. ಹೆಲ್ಮೆಟ್, ಬೂಟು ಎಲ್ಲ ಸೇರಿ ನಾನು 70 ಕೆಜಿ. ಫೋರ್ಕಿನ ನಳಿಗೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಮೆಲ್ಲಗೆ ಕೂತು ಇಳಿದು, ಟೈ ಎಷ್ಟು ಸರಿಯಿತು ಅಂತ ಅಳೆದೆ. ನೀವೂ ಮಾಡಿ ನೋಡಬಹುದು, ಎರಡು ನಿಮಿಷದ ಕೆಲಸ. ಸ್ಪ್ರಿಂಗಿನ ಒಟ್ಟು ಚಲನೆಯಲ್ಲಿ ಸವಾರ ಕೂತಾಗ ಸುಮಾರು ಮೂರನೇ ಒಂದು ಭಾಗ ಇಳಿಯಬೇಕು ಅನ್ನೋದು ಲೆಕ್ಕ. ನನ್ನದರಲ್ಲಿ ಹತ್ತಿರ ಹತ್ತಿರ ಅರ್ಧ ಇಳಿದಿತ್ತು! ಅಂದ್ರೆ ಗುಂಡಿ ಬರೋಕೆ ಮುಂಚೆನೇ ಅರ್ಧ ಸ್ಪ್ರಿಂಗ್ ಖರ್ಚು. ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಮಸ್ಕಾರ ಮಾಡ್ತಿತ್ತು.

ಹಾಗಾಗಿ ಫೋರ್ಕಿಗೆ ಗಟ್ಟಿ ಸ್ಪ್ರಿಂಗು, ಸ್ವಲ್ಪ ದಪ್ಪನೆಯ ಎಣ್ಣೆ. ಹಿಂದಿನ ಸ್ಪ್ರಿಂಗನ್ನೂ ಬಿಗಿ ಮಾಡಿದೆ. ಸಮಸ್ಯೆ ಏನಪ್ಪಾ ಅಂದ್ರೆ, ಸ್ಪ್ರಿಂಗ್ ಗಟ್ಟಿಯಾದಷ್ಟೂ ಕೂತಾಗ ಗಾಡಿ ಕಮ್ಮಿ ಇಳಿಯುತ್ತೆ. ಕಾಲಿಗೆ ಸಿಕ್ಕಿದ್ದ ಎರಡು ಸೆಂಟಿಮೀಟರ್ ವಾಪಸ್ ಹೋಯ್ತು. ಅದನ್ನ ಸೀಟಿನಿಂದ ತೆಗೆಯೋಣ ಅಂತ ಬ್ರೆಡ್ ಕತ್ತರಿಸೋ ಚಾಕುವಿನಲ್ಲಿ ಸ್ಪಂಜು ಕೊರೆದೆ. ಫಲಿತಾಂಶ, ಹಲಗೆ ಮೇಲೆ ಕೂತ ಹಾಗೆ. ಆಮೇಲೆ ಸೀಟು ಹೊಲಿಯುವವನ ಹತ್ತಿರ ಹೋಗಿ ಎರಡೂ ತೊಡೆ ಇಳಿಯುವ ಜಾಗದಲ್ಲಿ ಮಾತ್ರ ಸೀಟನ್ನು ಕಿರಿದು ಮಾಡಿಸಿದೆ. ಇದು ನಾನು ಕಲಿತ ಒಳ್ಳೇ ಸಂಗತಿ. ಎತ್ತರ ಅಷ್ಟೇ ಅಲ್ಲ, ಅಗಲವೂ ಕಾಲನ್ನು ನುಂಗುತ್ತೆ. ಬೂಟಿನ ಅಡಿಗೆ ಚಮ್ಮಾರನ ಹತ್ತಿರ ಒಂದು ಸೆಂಟಿಮೀಟರ್ ರಬ್ಬರ್ ಹಾಕಿಸಿದ್ದೂ ಕೆಲಸಕ್ಕೆ ಬಂತು.

ಹ್ಯಾಂಡಲ್ಲಿನದು ಬೇರೆ ಕಥೆ. ನಿಂತು ಓಡಿಸುವಾಗ ಬೆನ್ನು ಬಗ್ಗುತ್ತಿತ್ತು. ಕುಳ್ಳನಾದರೂ ದೊಡ್ಡವನು ತಾನೇ, ಮಗುವಿನ ತೋಳಲ್ಲ ನನ್ನದು. ಹ್ಯಾಂಡಲ್ ಕೆಳಗೆ ಎರಡು ಸೆಂಟಿಮೀಟರ್ ಎತ್ತರದ ಬ್ಲಾಕ್ ಇಟ್ಟೆ. ಗೇರ್ ಲಿವರನ್ನು ಒಂದು ಹಲ್ಲು ಮೇಲೆ ಕೂರಿಸಿದೆ, ಬೂಟಿನ ತುದಿ ಹೋಗಲಿ ಅಂತ. ಬ್ರೇಕ್, ಕ್ಲಚ್ ಲಿವರ್ ನನ್ನ ಬೆರಳಿಗೆ ಸಿಗೋ ಹಾಗೆ ಹತ್ತಿರ ತಂದೆ.

ಭಾರತದಲ್ಲಾಗಿದ್ರೆ ಇಲ್ಲಿಗೆ ಮುಗೀತು. ಇಲ್ಲಿ ಈಗ ಶುರು :) ರಸ್ತೆಗೆ ಇಳಿಯೋ ಗಾಡಿಯಲ್ಲಿ ಇಂಥ ಬದಲಾವಣೆ ಮಾಡಿದ್ರೆ ಭಾಗದ ಜೊತೆ ಒಪ್ಪಿಗೆಯ ಕಾಗದ ಇರಬೇಕು. ಕೆಲವಕ್ಕೆ ಕಾಗದ ಜೇಬಲ್ಲಿದ್ರೆ ಸಾಕು. ಕೆಲವನ್ನು ಪರಿಣತರಿಗೆ ತೋರಿಸಿ ಗಾಡಿಯ ದಾಖಲೆಯಲ್ಲಿ ಬರೆಸಬೇಕು. ಇಲ್ಲದಿದ್ರೆ ಗಾಡಿಯ ರಸ್ತೆ ಪರವಾನಗಿಯೇ ರದ್ದಾಗಬಹುದು, ಅಪಘಾತ ಆದ್ರೆ ವಿಮೆಯವರು ತಗಾದೆ ತೆಗೀಬಹುದು. ಮೊದಲು ಇದನ್ನ ಬರೀ ಕಾಗದದ ಹುಚ್ಚು ಅಂತ ಬೈಕೊಂಡಿದ್ದೆ.

ಪರೀಕ್ಷೆಗೆ ಹೋದೆ. ಪರಿಣತರು ಸ್ಪ್ರಿಂಗಿನ ಕಾಗದ ಓದಿದರು, ತಲೆ ಆಡಿಸಿದರು. ಆಮೇಲೆ ಎಂಜಿನ್ ಶುರು ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಎಂಜಿನ್ ತಾನೇ ತಾನಾಗಿ ಕಿರುಚಿತು. ಬಲಕ್ಕೆ ತಿರುಗಿಸಿದರು, ಸುಮ್ಮನಾಯ್ತು. ಮತ್ತೆ ಎಡಕ್ಕೆ. ಮತ್ತೆ ಕಿರುಚಿತು. ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಹ್ಯಾಂಡಲ್ ಎರಡು ಸೆಂಟಿಮೀಟರ್ ಮೇಲೆ ಹೋಗಿದ್ದರಿಂದ ಆಕ್ಸಿಲರೇಟರ್ ವಯರ್ ಬಿಗಿಯಾಗಿ, ತಿರುವಿನಲ್ಲಿ ತನ್ನಷ್ಟಕ್ಕೆ ಎಳೆಯುತ್ತಿತ್ತು. ಬೆಟ್ಟದ ಕಡಿದಾದ ಎಡ ತಿರುವಿನಲ್ಲಿ, ಒಂದು ಕಾಲು ಕೆಳಗಿಟ್ಟು ಮೆಲ್ಲಗೆ ತಿರುಗಿಸುವಾಗ, ಗಾಡಿ ಮುಂದಕ್ಕೆ ನೆಗೆದಿದ್ರೆ? ಈ ಸಲ ಮಣಿಕಟ್ಟಿಗೇ ನಿಲ್ಲುತ್ತಿರಲಿಲ್ಲ. ನಾನು ಎಂಜಿನಿಯರ್. ವಾರಕ್ಕೆ ಐದು ದಿನ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದೇ ಕೆಲಸ. ನನ್ನ ಹ್ಯಾಂಡಲ್ ಒಂದು ಸಲ ಎಡಕ್ಕೆ ತಿರುಗಿಸಿ ನೋಡಿರಲಿಲ್ಲ.

ವಯರ್ ದಾರಿಯನ್ನು ಬದಲಿಸಿ, ಬ್ರೇಕಿನ ಪೈಪಿಗೆ ಸಡಿಲ ಕೊಟ್ಟು, ಹತ್ತು ದಿನ ಬಿಟ್ಟು ಮತ್ತೆ ಹೋದೆ. ಎಡಕ್ಕೆ, ಬಲಕ್ಕೆ. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಇತ್ತು. ಮುದ್ರೆ ಬಿತ್ತು. ಅಜ್ಜನಿಗೆ ಕಾಗದ ತೋರಿಸಿದೆ. ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಓದಿ, ಒಂದು ಬಿಯರ್ ಕೊಟ್ಟರು.

ಎಲ್ಲಿ ಓಡಿಸ್ತೀಯ ಅಂತ ಕೇಳ್ತೀರಾ? ಕಾಡಿನಲ್ಲಿ ಅಲ್ಲ. ಜರ್ಮನಿಯ ಕಾಡುಗಳು ನಡೆಯುವವರಿಗೆ ಮುಕ್ತ, ಖಾಸಗಿಯವರ ಕಾಡಾದರೂ. ಮೋಟಾರು ಗಾಡಿಗೆ ಹಾಗಲ್ಲ, ಅನುಮತಿ ಬೇಕು. ಕೆಂಪು ಅಂಚಿನ ಬಿಳಿ ವೃತ್ತದ ಬೋರ್ಡ್ ಕಂಡರೆ ಅಲ್ಲಿಗೆ ವಾಪಸ್. ಅದರ ಕೆಳಗೆ ಕೃಷಿ, ಅರಣ್ಯ ಕೆಲಸದವರಿಗೆ ವಿನಾಯಿತಿ ಅಂತ ಬರೆದಿರುತ್ತೆ, ನಾವು ಎರಡೂ ಅಲ್ಲ. ಸಕಲೇಶಪುರದ ಎಸ್ಟೇಟ್ ರಸ್ತೆಗಳಲ್ಲಿ ನುಗ್ಗಿದ ಹಾಗೆ ಇಲ್ಲಿ ನುಗ್ಗೋಕಾಗಲ್ಲ. ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಭೂಪಟ ನೋಡಿ ಹಳ್ಳಿಗಳ ನಡುವೆ ಯಾವ ಬೋರ್ಡೂ ಇಲ್ಲದ ಜಲ್ಲಿ ರಸ್ತೆಗಳನ್ನು ಹುಡುಕೋದೇ ಒಂದು ಆಟ ಆಗಿದೆ. ಉಳಿದಂತೆ ಕ್ಲಬ್ಬಿನ ಮೈದಾನ.

ಹೋದ ತಿಂಗಳು ಅದೇ ಕಲ್ಲುಗಣಿಗೆ ಹೋದೆ. ಅದೇ ಏರು. ಬೇಕಂತಲೇ ನಡುವೆ ನಿಲ್ಲಿಸಿದೆ. ಸೊಂಟ ಸರಿಸಿ, ಏರಿನ ಕಡೆಯ ಕಾಲನ್ನು ಕೆಳಗೆ ಬಿಟ್ಟೆ. ನೆಲ ಇತ್ತು. ಪಕ್ಕದಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಇಂಥದ್ದೇ ಗಾಡಿಯಲ್ಲಿ ನಿಂತಿದ್ದ, ನನಗಿಂತ ಒಂದು ತಲೆ ಎತ್ತರ. ನನ್ನ ಫೋರ್ಕನ್ನೇ ನೋಡಿ "ಯಾವ ಸ್ಪ್ರಿಂಗ್ ಹಾಕಿದೀರಾ?" ಅಂದ.

ಸಹೋದ್ಯೋಗಿ ಫೋಟೋ ತೆಗೆದ. ಅಮ್ಮನಿಗೆ ಕಳಿಸಿದೆ. ಐದು ನಿಮಿಷ ಬಿಟ್ಟು ಫೋನು ಬಂತು. ದೊಡ್ಡದು ಮಾಡಿ ನೋಡಿದ್ದಾರೆ.

"ಒಂದೇ ಕಾಲು ಮುಟ್ಟಿದೆಯಲ್ಲೋ. ಇನ್ನೊಂದೆಲ್ಲಿ?"