ಚಿಕ್ಕ ಸರಕು ವ್ಯಾನಿನ ಟ್ಯಾಂಕಿಯೂ ಅದನ್ನು ತುಂಬತಕ್ಕ ಕ್ರಮವೂ

ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಸೀಮೆಗಳಲ್ಲಿ ತೋಟದ ಫಸಲನ್ನು ಪೇಟೆಗೆ ಸಾಗಿಸಲು ಚಿಕ್ಕ ಸರಕು ವ್ಯಾನುಗಳು ಬಹಳವಾಗಿ ಬಳಕೆಯಲ್ಲಿವೆ. 2005ರಲ್ಲಿ ಟಾಟಾ ಏಸ್ ವಾಹನವು ಮಾರಾಟಕ್ಕೆ ಬಂದಂದಿನಿಂದ ಈ ರೂಢಿಯು ಬಲಗೊಂಡಿತು. ಎತ್ತುಗಳಿಗೆ ಹೊತ್ತುಹೊತ್ತಿಗೆ ಮೇವು ನೀರು ತೋರಿಸುತ್ತಿದ್ದ ಮನೆತನಗಳವರೇ ವ್ಯಾನಿನ ಎಣ್ಣೆಯ ವಿಷಯದಲ್ಲಿ ಅಲಕ್ಷ್ಯ ತೋರುವುದು ಸೋಜಿಗವಾಗಿದೆ.

ಮೊದಲು ಬಂದ ಎರಡು ಸಿಲಿಂಡರಿನ ಡೀಸೆಲ್ ಏಸ್ ವಾಹನದ ಟ್ಯಾಂಕಿಯು 30 ಲೀಟರು ಹಿಡಿಯುವುದು. ಆದರೆ ಅನೇಕ ಮಾಲೀಕರು ದಿನದ ಬಾಡಿಗೆಗೆ ತಕ್ಕಷ್ಟೇ, ಎರಡು ಮೂರು ಲೀಟರು ಮಾತ್ರ, ಹಾಕಿಸುವರು. ಟ್ಯಾಂಕಿ ತುಂಬಿದರೆ ಭಾರ ಹೆಚ್ಚಿ ಎಣ್ಣೆ ವ್ಯಯವಾಗುವುದೆಂದು ಕೆಲವರ ವಾದ. ಇದು ಲೆಕ್ಕಕ್ಕೆ ನಿಲ್ಲದು. 15 ಲೀಟರು ಡೀಸೆಲಿನ ತೂಕವು ಸುಮಾರು ಹನ್ನೆರಡೂವರೆ ಕಿಲೋ. ಕೋಲಾರದ ಮಂಡಿಗೆ ಬರುವ 15 ಕಿಲೋ ಟೊಮೇಟೊ ಪೆಟ್ಟಿಗೆ ಒಂದಕ್ಕಿಂತಲೂ ಕಡಮೆ.

ಡೀಸೆಲ್ ಯಂತ್ರಕ್ಕೆ ಟ್ಯಾಂಕಿ ಬರಿದಾಗುವುದರಿಂದ ಒದಗುವ ಕೇಡು ಬೇರೆಯ ತೆರನಾದುದು. ಪೆಟ್ರೋಲ್ ವ್ಯಾನಿಗೆ ಎಣ್ಣೆ ಹಾಕಿದರೆ ಸಾಮಾನ್ಯವಾಗಿ ಮತ್ತೆ ಹೊರಡುವುದು. ಡೀಸೆಲಿನಲ್ಲಿ ಹಾಗಲ್ಲ. ಎಣ್ಣೆ ಮುಗಿದೊಡನೆ ಪಂಪು ಗಾಳಿಯನ್ನು ಸೆಳೆದುಕೊಳ್ಳುವುದು. ಗಾಳಿಯು ಒತ್ತಿದರೆ ಕುಗ್ಗುವ ವಸ್ತುವಾದ್ದರಿಂದ ನಳಿಗೆಯಲ್ಲಿ ಬೇಕಾದಷ್ಟು ಒತ್ತಡ ಏರದೆ, ಸಿಲಿಂಡರಿಗೆ ಎಣ್ಣೆ ಚಿಮ್ಮುವುದೇ ನಿಲ್ಲುವುದು. ಆ ಮೇಲೆ ಎಷ್ಟು ಎಣ್ಣೆ ಸುರಿದರೂ ಗಾಳಿಯನ್ನು ಹೊರಗೆಡಹುವವರೆಗೆ ಎಂಜಿನ್ ಏಳದಿರುವುದುಂಟು. ಫಿಲ್ಟರಿನ ಬಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವ ತನಕ ಕೈ ಪಂಪನ್ನು ಒತ್ತಬೇಕು. ಈ ಕೆಲಸವನ್ನು ಅರಿಯದ ಚಾಲಕನು ನಸುಕಿನಲ್ಲಿ ದಾರಿಯ ಬದಿ ನಿಂತರೆ ಮೆಕ್ಯಾನಿಕನು ಬರುವಷ್ಟರಲ್ಲಿ ಹರಾಜಿನ ಹೊತ್ತು ಮೀರುವುದು. ಹಣ್ಣಾದ ಟೊಮೇಟೊವಾಗಲಿ ಬಿಡಿಸಿದ ಹೂವಾಗಲಿ ನಾಳಿನ ತನಕ ಕಾಯವು. ಎರಡು ಲೀಟರಿನ ಉಳಿತಾಯಕ್ಕೆ ಒಂದು ವ್ಯಾನಿನ ಫಸಲನ್ನು ಪಣವಾಗಿಡುವುದು ವಿವೇಕವಲ್ಲ.

ಆದ್ದರಿಂದ ಮುಳ್ಳು ಕಾಲುಭಾಗಕ್ಕೆ ಇಳಿಯುವ ಮೊದಲೇ ತುಂಬಿಸತಕ್ಕದ್ದು. ಏರು ದಾರಿಯಲ್ಲಿ ಎಣ್ಣೆಯು ಒಂದು ಕಡೆಗೆ ಸರಿಯುವುದರಿಂದ ಕಡಮೆಯಿದ್ದಾಗ ಮುಳ್ಳನ್ನು ನಂಬಲಾಗದು. ಸಂಜೆ ಕೆಲಸ ಮುಗಿದ ಮೇಲೆ ತುಂಬಿಸುವುದು ಲೇಸು. ರಾತ್ರಿಯ ತಂಪಿಗೆ ಖಾಲಿ ಜಾಗದ ತೇವವು ಹನಿಗಟ್ಟಿ ಎಣ್ಣೆಯ ತಳಕ್ಕೆ ಸೇರುವುದು ಇದರಿಂದ ಕಡಮೆಯಾಗುವುದು. ಫಿಲ್ಟರಿನಲ್ಲಿ ನಿಂತ ನೀರನ್ನು ಆಗಾಗ ಇಳಿಸಬೇಕು.

ಹಾಗೆಂದು ಕಂಠಮಟ್ಟ ತುಂಬಬಾರದು. 30 ಲೀಟರು ಡೀಸೆಲು 20 ಡಿಗ್ರಿ ಸೆಲ್ಷಿಯಸ್ ಬಿಸಿಯೇರಿದರೆ ಸುಮಾರು ಅರ್ಧ ಲೀಟರು ಹಿಗ್ಗುವುದು. ಪಂಪಿನ ಕೊಳವೆ ತಾನಾಗಿ ನಿಂತೊಡನೆ ಸಾಕೆನ್ನಬೇಕು.

ಪೆಟ್ರೋಲ್ ವ್ಯಾನುಳ್ಳವರಿಗೆ ಒಂದು ಮಾತು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಬೆರೆತಿರುವುದು. ಎಥೆನಾಲ್ ನೀರನ್ನು ಹೀರುವ ಗುಣವುಳ್ಳದ್ದು. ನೀರು ಮಿತಿಮೀರಿದರೆ ಅದರೊಡನೆ ಬೇರ್ಪಟ್ಟು ತಳಕ್ಕಿಳಿಯುವುದು. ಸುಗ್ಗಿಯಿಂದ ಸುಗ್ಗಿಗೆ ನಿಲ್ಲಿಸಿಡುವ ವ್ಯಾನಿನಲ್ಲಿ ಹಳೆಯ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಕೂಡದು.

ಟ್ಯಾಂಕಿ ತುಂಬಿಸುವ ವಾಡಿಕೆಯಿಂದ ಇನ್ನೊಂದು ಲಾಭವುಂಟು. ಒಮ್ಮೆ ಕೊಳವೆ ನಿಲ್ಲುವವರೆಗೆ ತುಂಬಿಸಿ ಕಿಲೋಮೀಟರಿನ ಅಂಕಿಯನ್ನು ಬರೆದಿಡುವುದು. ಮುಂದಿನ ಸಲವೂ ಹಾಗೆಯೇ ತುಂಬಿಸುವುದು. ನಡುವೆ 320 ಕಿಲೋಮೀಟರು ನಡೆದು 20 ಲೀಟರು ಹಿಡಿದರೆ ಲೀಟರಿಗೆ 16 ಕಿಲೋಮೀಟರು ಬಿತ್ತೆಂದು ನಿಶ್ಚಯವಾಗುವುದು. ಚಿಲ್ಲರೆಯಾಗಿ ಹಾಕಿಸುವವರಿಗೆ ಈ ಲೆಕ್ಕ ಸಿಗದೆ, ಯಜಮಾನನಿಗೆ ಚಾಲಕನ ಮೇಲೆ ವೃಥಾ ಸಂಶಯ ಬೆಳೆಯುವುದು. ಅಂಕಿ ದಿಢೀರನೆ ಇಳಿದರೆ ಚಾಲಕನನ್ನು ಗದರಿಸುವ ಮೊದಲು ಟೈರಿನ ಗಾಳಿ, ಗಾಳಿಯ ಫಿಲ್ಟರು, ಎಣ್ಣೆಯ ಸೋರಿಕೆ ಇವುಗಳನ್ನು ನೋಡತಕ್ಕದ್ದು. ಬಂಕಿನ ಅಳತೆಯ ಮೇಲೆಯೇ ಅನುಮಾನವಿದ್ದಲ್ಲಿ, ಅಲ್ಲಿ ಇಟ್ಟಿರಬೇಕಾದ ಮುದ್ರೆಯುಳ್ಳ 5 ಲೀಟರಿನ ಮಾಪಕದಲ್ಲಿ ಅಳೆದು ತೋರಿಸೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಇದೆ.